ಪೆಟ್ಟಿಗೆಯೊಳಗಿನ ಚೆನ್ನಪ್ಪನ ಸ್ವರ

ಒಂದು ಪೆಟ್ಟಿಗೆಗೆ ಒಂಬತ್ತು ಸಾವಿರದ ಮುನ್ನೂರ ನಲ್ವತ್ತು ರೂಪಾಯಿ ಬೀಳುತ್ತಿತ್ತು. ಒಳಗಿನ ಬೋರ್ಡಿಗೆ ಮೂರು ಸಾವಿರದ ಎಂಟುನೂರು, ಉಪ್ಪುನೀರು ಹೋಗದ ಹಾಗೆ ರಬ್ಬರ್ ಕೂರಿಸಿದ ಹೊರಕವಚಕ್ಕೆ ಸಾವಿರದ ಒಂಬೈನೂರು, ಬ್ಯಾಟರಿಗೆ ಸಾವಿರದ ನಾನೂರು, ಇಂಜಿನ್ನಿನ ಸದ್ದನ್ನು ಮೀರಿ ಕೂಗಬೇಕಾದ ಸ್ಪೀಕರಿಗೆ ಸಾವಿರದ ಇನ್ನೂರು. ಉಳಿದದ್ದು ವಯರು, ಸ್ಕ್ರೂ, ಕೂಲಿ. ಬೋಟಿನವರು ಕೊರಳಿಗೆ ಹಾಕಿಕೊಳ್ಳುವ ಬಿಲ್ಲೆ ಒಂದಕ್ಕೆ ಆರುನೂರ ಹತ್ತು ಬೇರೆ. ಸ್ವರಕ್ಕೆ ಮಾತ್ರ ಖರ್ಚಾಗಿರಲಿಲ್ಲ. ಅದನ್ನು ನದಿಯಾಚೆಯ ಬೆಂಗ್ರೆಯ ಚೆನ್ನಪ್ಪ ಒಂದು ಪ್ಲೇಟು ಗೋಳಿಬಜೆ ಮತ್ತು ಎರಡು ಲೋಟ ಚಾಕ್ಕೆ ಕೊಟ್ಟುಬಿಟ್ಟಿದ್ದ.

ಬಂದರಿನ ತನ್ನ ಅಂಗಡಿಯಲ್ಲಿ ಕೂತು ಈ ಲೆಕ್ಕ ಹಾಕುವಾಗಲೆಲ್ಲ ಬದ್ರುದ್ದೀನ್ ಆ ಕೊನೆಯ ಬಾಬತ್ತಿಗೆ ಬಂದು ನಿಲ್ಲುತ್ತಿದ್ದ. ಅವನು ಹತ್ತೊಂಬತ್ತನೆಯ ವಯಸ್ಸಿಗೆ ಕಡಲಾಚೆಯ ದಮ್ಮಾಮಿಗೆ ಹೋಗಿ, ಬೋಟುಗಳ ವಯರ್‌ಲೆಸ್ ಸೆಟ್ಟು ಬಿಚ್ಚಿ ಜೋಡಿಸುವುದನ್ನು ಕಲಿತು, ಊರಿಗೆ ಬಂದು ಅಪ್ಪ ಉಮರಬ್ಬನ ಹಗ್ಗದ ಅಂಗಡಿಯ ಅರ್ಧಕ್ಕೆ ಗೋಡೆ ಹಾಕಿಸಿ ರಿಪೇರಿ ಶುರು ಮಾಡಿದವನು. ದಕ್ಕೆಯಲ್ಲಿ ನಿಂತ ಬೋಟುಗಳಲ್ಲಿ ಅವನ ಕೈ ತಾಗದ ಸೆಟ್ಟು ಕಡಿಮೆ. ಕಾಲೇಜು ನೋಡಿರಲಿಲ್ಲ, ಆದರೆ ಉಪ್ಪುಗಾಳಿ ಯಾವ ತಿಂಗಳಲ್ಲಿ ಯಾವ ಸ್ಕ್ರೂವನ್ನು ತಿನ್ನುತ್ತದೆ ಎಂದು ಹೇಳಬಲ್ಲವನಾಗಿದ್ದ.

ಅಶ್ಮಿತಾ ಅವನನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ವಾಮಂಜೂರಿನ ಹುಡುಗಿ. ಮಣ್ಣಗುಡ್ಡದಲ್ಲಿ ಒಂದು ಮನೆಯ ಮಹಡಿ ಬಾಡಿಗೆಗೆ ಹಿಡಿದು ಎಂಟು ಜನರ ಸಾಫ್ಟ್‌ವೇರ್ ಕಂಪನಿ ನಡೆಸುತ್ತಿದ್ದಳು. ಆಸ್ಪತ್ರೆಗಳಲ್ಲಿ ಟೋಕನ್ ನಂಬ್ರ ಕೂಗುವ ಯಂತ್ರ ಅವಳದ್ದೇ. "ಆಸ್ಪತ್ರೆಯಲ್ಲಿ ಕೂಗುವುದನ್ನು ಸಮುದ್ರದಲ್ಲಿ ಕೂಗಿಸಿದರೆ ಹೇಗೆ ಬದ್ರುಚ್ಚ?" ಎಂದು ಬಂದಿದ್ದಳು. "ತಲೆ ನಾನು ಮಾಡ್ತೇನೆ. ಉಪ್ಪುನೀರಿನ ಕತೆ ನನಗೆ ಗೊತ್ತಿಲ್ಲ. ಅದು ನಿಮ್ಮದು."

ಯೋಜನೆ ಸರಳವಾಗಿತ್ತು. ಬೋಟಿನಲ್ಲಿರುವ ಪ್ರತಿಯೊಬ್ಬನ ಕೊರಳಲ್ಲಿ ಒಂದು ಬಿಲ್ಲೆ. ಚುಕ್ಕಾಣಿಯ ಕೋಣೆಯಲ್ಲಿ ಒಂದು ಪೆಟ್ಟಿಗೆ. ಯಾರಾದರೂ ನೀರಿಗೆ ಬಿದ್ದರೆ ಬಿಲ್ಲೆಯ ಸಂಪರ್ಕ ಕಡಿಯುತ್ತದೆ. ಪೆಟ್ಟಿಗೆ ಆ ಹೆಸರನ್ನು ಕೂಗುತ್ತದೆ. ಬೋಟಿನವರಲ್ಲಿ ಒಬ್ಬ ಹಸಿರು ಗುಂಡಿ ಒತ್ತುವವರೆಗೆ ಕೂಗುತ್ತಲೇ ಇರುತ್ತದೆ. ಹಸಿರು ಗುಂಡಿ ಎಂದರೆ 'ಕೇಳಿತು'. ಬದ್ರುದ್ದೀನ್ ಆರು ಲಕ್ಷ ಹಾಕಿದ. ಅದರಲ್ಲಿ ಹೆಂಡತಿ ಝಹ್ರಾಳ ಎರಡು ಬಳೆಗಳೂ ಇದ್ದವು. ಅಶ್ಮಿತಾ ತನ್ನ ಜನರ ಸಂಬಳ ಹಾಕಿದಳು. ಲಾಭ ಬಂದರೆ ಸರಿ ಅರ್ಧ ಎಂದು ಎರಡೂ ಕಂಪನಿಗಳ ಸೀಲು ಒತ್ತಿ ಕರಾರಾಯಿತು.

ಸ್ವರ ಬೇಕಾಗಿತ್ತು. ಆಸ್ಪತ್ರೆಯ ಯಂತ್ರದ ಹೆಣ್ಣುಸ್ವರವನ್ನು ಹಾಕಿ ನೋಡಿದರೆ ಇಂಜಿನ್ನಿನ ಸದ್ದಿನಲ್ಲಿ ಅದು ಸೊಳ್ಳೆ ಹಾಡಿದ ಹಾಗೆ ಕೇಳಿಸಿತು. ಆಗ ಬದ್ರುದ್ದೀನನಿಗೆ ನೆನಪಾದವನು ಚೆನ್ನಪ್ಪ. ಮೂವತ್ತು ವರ್ಷದ ಗೆಳೆಯ, ಟ್ರಾಲ್ ಬೋಟಿನ ತಂಡೇಲ. ಅಂದರೆ ಬೋಟಿನ ಯಜಮಾನಿಕೆ ಅವನ ಕೈಯಲ್ಲಿ. ಫೆರಿಯಲ್ಲಿ ನಿಂತು ಮಾತಾಡಿದರೆ ಎರಡೂ ದಡಕ್ಕೆ ಕೇಳುವ ಗಂಟಲು. ಮೊದಲ ಪರೀಕ್ಷೆಯೂ ಅವನ ಬೋಟಿನಲ್ಲೇ ಎಂದು ಗೊತ್ತಾಗಿತ್ತು. ಅಂಗಡಿಯ ಶಟರ್ ಅರ್ಧ ಎಳೆದು, ಮೈಕಿನ ಮುಂದೆ ಅವನನ್ನು ಕೂರಿಸಿ, ಬೋಟಿನ ಹನ್ನೊಂದು ಜನರ ಪಟ್ಟಿಯನ್ನು ಬದ್ರುದ್ದೀನ್ ಅವನ ಕೈಗೆ ಕೊಟ್ಟ. ತಂಡೇಲನ ಹೆಸರು ಮೊದಲು ಬರೆಯುವುದು ಮರ್ಯಾದೆ. ಹಾಗೆಯೇ ಬರೆದಿದ್ದ.

ಚೆನ್ನಪ್ಪ ಪಟ್ಟಿ ನೋಡಿ ನಕ್ಕ. "ಎಂತ ಬದ್ರು, ಬೀಳುವವನೂ ನಾನೇ, ಕೂಗುವವನೂ ನಾನೇಯಾ?"

"ಓದು ಮಾರಾಯ. ಲಿಸ್ಟಲ್ಲಿ ಉಂಟು."

"ಬಿದ್ದವನು ಬೊಬ್ಬೆ ಹಾಕಿದರೆ ಬಾಯಿಗೆ ನೀರು ಹೋಗ್ತದೆ."

"ನಿನ್ನ ಬಾಯಿಗೆ ಹೋದದ್ದೆಲ್ಲ ನೀರೇ ಆಗಿದ್ದರೆ ನಿನ್ನನ್ನು ಕಟ್ಟಿಕೊಂಡ ಅಮ್ಮಣಕ್ಕ ಎಷ್ಟು ಸುಖವಾಗಿ ಇರ್ತಿದ್ದರು. ಓದು."

ಚೆನ್ನಪ್ಪ ಗೋಳಿಬಜೆಯ ಎಣ್ಣೆಯನ್ನು ಲುಂಗಿಗೆ ಒರೆಸಿ, ತುಳುವಿನಲ್ಲಿ, ಕಡಲಿನಲ್ಲಿ ಕೂಗುವ ಹಾಗೆಯೇ ಕೂಗಿದ. "ಚೆನ್ನಪ್ಪೆ ನೀರ್‌ಗ್ ಬೂರ್ಯೆ!" ಚೆನ್ನಪ್ಪ ನೀರಿಗೆ ಬಿದ್ದ. ಆಮೇಲೆ ಉಳಿದ ಹತ್ತು ಹೆಸರು. ಹೊರಗೆ ಮೀನಿನ ಗಾಡಿಯವನೊಬ್ಬ ನಿಜ ಎಂದು ತಿಳಿದು ಶಟರಿನಡಿ ಬಗ್ಗಿ ನೋಡಿದ. ಎಲ್ಲರೂ ನಕ್ಕರು. ಅಶ್ಮಿತಾಳೂ ನಕ್ಕಳು. ಒಬ್ಬ ಮನುಷ್ಯನ ಹೆಸರನ್ನು ಅವನ ಸ್ವರದಲ್ಲೇ ಕೂಗಿಸಬಾರದು ಎಂದು ಆ ಕೋಣೆಯಲ್ಲಿ ಯಾರಿಗೂ ಹೊಳೆಯಲಿಲ್ಲ.

ಐದನೆಯ ಟ್ರಿಪ್ಪಿನಲ್ಲಿ ಅದು ಗೊತ್ತಾಯಿತು.

ಮೊದಲ ನಾಲ್ಕು ಟ್ರಿಪ್ಪಿನಲ್ಲಿ ಚೆನ್ನಪ್ಪನಿಗೆ ಪೆಟ್ಟಿಗೆ ಒಂದು ಆಟದ ಸಾಮಾನು. ಬೇಜಾರಾದಾಗ ಬಿಲ್ಲೆ ಕಳಚಿ ಹಗ್ಗಕ್ಕೆ ಕಟ್ಟಿ ನೀರಿಗೆ ಇಳಿಬಿಡುವನು. ಪೆಟ್ಟಿಗೆ ಅವನದೇ ಗಂಟಲಲ್ಲಿ ಅವನ ಹೆಸರು ಕೂಗುವುದು. ಹುಡುಗರು ಓಡಿ ಬಂದರೆ ತಂಡೇಲ ಬೀಡಿ ಹಚ್ಚಿಕೊಂಡು ನಗುತ್ತ ನಿಂತಿರುವನು. ಐದನೆಯ ಟ್ರಿಪ್ಪಿನಲ್ಲಿ, ಅಕ್ಟೋಬರಿನ ಒಂದು ಸಂಜೆ, ದಡದಿಂದ ಹದಿನೆಂಟು ಮೈಲು ಆಚೆ ಪೆಟ್ಟಿಗೆ ಮತ್ತೆ ಕೂಗಿತು. ಚುಕ್ಕಾಣಿಯಲ್ಲಿದ್ದವನು ಮುಖೇಶ್, ಚೆನ್ನಪ್ಪನ ಹೆಂಡತಿ ಅಮ್ಮಣಿಯ ಅಣ್ಣನ ಮಗ. "ಸಾಕು ಮಾವ, ಸಾಕು" ಎಂದು ಹಿಂದೆ ತಿರುಗದೆಯೇ ಹಸಿರು ಗುಂಡಿ ಒತ್ತಿದ. ಇಪ್ಪತ್ತೆರಡು ನಿಮಿಷದ ಮೇಲೆ ಚಾ ಕೊಡಲು ಹೋದ ಹುಡುಗನಿಗೆ ತಂಡೇಲ ಎಲ್ಲಿಯೂ ಕಾಣಲಿಲ್ಲ. ಬೋಟು ತಿರುಗಿಸಿದರು. ಕತ್ತಲಾಯಿತು. ಎರಡು ದಿನ ಒಂಬತ್ತು ಬೋಟುಗಳು ಹುಡುಕಿದವು. ಒಂದು ಚಪ್ಪಲಿಯೂ ಸಿಗಲಿಲ್ಲ.

ಪೆಟ್ಟಿಗೆ ಬಂದರಿಗೆ ಬಂದ ದಿನ ಅಶ್ಮಿತಾ ಲ್ಯಾಪ್‌ಟಾಪಿಗೆ ಜೋಡಿಸಿ ಅದರ ದಾಖಲೆಯಲ್ಲಿ ಆ ಸಂಜೆಯ ಭಾಗ ತೆಗೆದಳು. ನಾಲ್ಕು ಸಾಲು. ಸಂಜೆ ಐದು ಐವತ್ತೆರಡು, ಚೆನ್ನಪ್ಪನ ಸಂಪರ್ಕ ಕಡಿದಿದೆ, ಬೋಟು ಇದ್ದ ಜಾಗ ಇಂಥದ್ದು. ಮೊದಲ ಕೂಗು. ಎರಡನೆಯ ಕೂಗು. ಐದು ಐವತ್ತಮೂರು, ಹಸಿರು ಗುಂಡಿ.

"ಪೆಟ್ಟಿಗೆ ಸರಿಯಾಗಿ ಕೆಲಸ ಮಾಡಿದೆ ಬದ್ರುಚ್ಚ" ಎಂದಳು. "ಆದರೂ ಮನುಷ್ಯ ಹೋದ. ಇದು ಹೊರಗೆ ಹೋದರೆ ಇನ್ನು ಯಾರು ತಗೊಳ್ತಾರೆ? ಎಂಟು ಜನಕ್ಕೆ ಸಂಬಳ ಕೊಡಬೇಕು ನಾನು. ಆ ಮುಖೇಶನ ಗತಿ ಎಂತ?"

ಠಾಣೆಯಿಂದ ಪೆಟ್ಟಿಗೆಯ ಬಗ್ಗೆ ಕೇಳಿ ಪತ್ರ ಬಂದಿತ್ತು. ಎರಡೂ ಕಂಪನಿಗಳು ಸೇರಿ ಒಂದು ಪುಟದ ಉತ್ತರ ಕೊಟ್ಟವು. ಅದರಲ್ಲಿ ಒಂದು ಸಾಲು ಇತ್ತು: ಘಟನೆಯ ಸಮಯದಲ್ಲಿ ಸದರಿಯವರು ಬಿಲ್ಲೆಯನ್ನು ಧರಿಸಿರಲಿಲ್ಲವೆಂದು ಕಂಡುಬರುತ್ತದೆ. ಬದ್ರುದ್ದೀನ್ ಓದಿದ, ಇನ್ನೊಮ್ಮೆ ಓದಿದ, ಸಹಿ ಹಾಕಿದ. ಆರು ಲಕ್ಷ ಇತ್ತು, ಬಳೆ ಇತ್ತು, ಮುಖೇಶನ ಎಳೆ ವಯಸ್ಸಿತ್ತು. ಸಹಿ ಹಾಕಬೇಕು ಎಂದು ಕೂತವನಿಗೆ ಕಾರಣಗಳಿಗೆ ಬರವಿರುವುದಿಲ್ಲ.

ಅಲ್ಲಿಂದ ಪೆಟ್ಟಿಗೆ ಬದ್ರುದ್ದೀನನ ಅಂಗಡಿಯ ಮೇಲಿನ ಶೆಲ್ಫಿನಲ್ಲಿ ಕೂತಿತು. ಉಪ್ಪುಗಾಳಿಗೆ ಎಷ್ಟು ದಿನ ತಡೆಯುತ್ತದೆ ನೋಡಬೇಕು ಎಂದು, ಬ್ಯಾಟರಿಯನ್ನು ಬೇರೆ ಕೆಲಸಕ್ಕೆ ಬಿಚ್ಚಿಕೊಂಡು, ಕರೆಂಟಿಗೆ ಹಾಕಿಯೇ ಇಟ್ಟಿದ್ದ. ಬೋಟಿನವರು ಹಿಂದಿರುಗಿಸಿದ ಹತ್ತು ಬಿಲ್ಲೆಗಳು ಕೆಳಗಿನ ಡ್ರಾಯರಿನಲ್ಲಿದ್ದವು. ಕರೆಂಟ್ ಹೋಗಿ ಬಂದಾಗಲೆಲ್ಲ ಪೆಟ್ಟಿಗೆ ಎಚ್ಚರವಾಗಿ ತನ್ನ ಹನ್ನೊಂದು ಜನ ಇದ್ದಾರೆಯೇ ಎಂದು ಹುಡುಕುತ್ತಿತ್ತು. ಹತ್ತು ಸಿಗುತ್ತಿದ್ದವು. ಹನ್ನೊಂದನೆಯದು ಅರಬ್ಬಿ ಸಮುದ್ರದಲ್ಲಿತ್ತು.

"ಚೆನ್ನಪ್ಪೆ ನೀರ್‌ಗ್ ಬೂರ್ಯೆ!"

ಮೊದಲ ಸಲ ಕೇಳಿದಾಗ ಬದ್ರುದ್ದೀನನ ಕೈಯಿಂದ ಸೋಲ್ಡರಿಂಗ್ ಐರನ್ ಜಾರಿ ತೊಡೆ ಸುಟ್ಟಿತು. ಹಸಿರು ಗುಂಡಿಯ ತನಕ ಹೋದ ಕೈ ಅಲ್ಲೇ ನಿಂತಿತು. ಒತ್ತಿದರೆ ದಾಖಲೆಯಲ್ಲಿ ಮುಖೇಶನ ಸಾಲಿನ ಕೆಳಗೆ ಇನ್ನೊಂದು ಸಾಲು ಬೀಳುತ್ತದೆ: ಕೇಳಿತು. ಅವನು ವಯರು ಎಳೆದು ಸುಮ್ಮನಾಗಿಸಿದ. ಆಮೇಲೆ ಪ್ರತಿ ಸಲವೂ ಹಾಗೆಯೇ. ವಯರು ಎಳೆಯುವುದು, ಮುಂದಿನ ಸಲ ಕರೆಂಟ್ ಹೋದಾಗ ಬಿಲ್ಲೆಗಳನ್ನು ಎಣಿಸಿ ಮತ್ತೆ ಜೋಡಿಸುವುದು, ಕರೆಂಟ್ ಬಂದರೆ ಮತ್ತೆ ಒಂದು ಕೂಗು, ಮತ್ತೆ ಎಳೆಯುವುದು. ಕಂಪ್ಯೂಟರಿನಲ್ಲಿ ಆ ಒಂದು ಹೆಸರು ಅಳಿಸಿಬಿಟ್ಟರೆ ಮುಗಿಯಿತು, ಎರಡು ನಿಮಿಷದ ಕೆಲಸ. ಹೆಸರಿನೊಂದಿಗೆ ಆ ನಾಲ್ಕು ಸಾಲುಗಳೂ ಹೋಗುತ್ತವೆ. ನಾಳೆ ಮಾಡೋಣ ಎಂದುಕೊಳ್ಳುತ್ತ ಆರು ತಿಂಗಳು ಕಳೆದವು. ಬಿಲ್ಲೆಗಳ ಬ್ಯಾಟರಿ ಮುಗಿದರೆ ಅವನೇ ಹೊಸದು ಹಾಕುತ್ತಿದ್ದ. ಬೇಸಿಗೆ ಬಂದು ಕರೆಂಟ್ ಪದೇ ಪದೇ ಹೋಗತೊಡಗಿದಾಗ ಅವನು ಫ್ಯಾನಿನ ಕಡೆ ನೋಡುತ್ತ ಕೂರುವನು. ಫ್ಯಾನ್ ತಿರುಗಲು ಶುರುವಾದರೆ ಗೆಳೆಯ ಬಂದ ಎಂದು ಅರ್ಥ. ಒಂದು ದಿನ "ಹೇಳು ಮಾರಾಯ" ಎಂದು ಅವನ ಬಾಯಿಂದಲೇ ಬಂತು.

ಏಪ್ರಿಲಿನ ಒಂದು ಮಧ್ಯಾಹ್ನ ಎರಡು ಗಂಟೆ ಹೋಗಿದ್ದ ಕರೆಂಟ್ ಬಂತು. ಫ್ಯಾನ್ ಅಲುಗಿತು. ಪೆಟ್ಟಿಗೆ ಕೂಗಿತು. ಬದ್ರುದ್ದೀನ್ ಏಳುತ್ತ ಹೊರಗೆ ನೋಡಿದ. ರಸ್ತೆಯ ಮಧ್ಯೆ, ಖಾಲಿಯಾದ ಮೀನಿನ ಬುಟ್ಟಿ ತಲೆಯ ಮೇಲೆ ಇಟ್ಟುಕೊಂಡು, ಫೆರಿಯ ಕಡೆ ಮುಖ ಮಾಡಿ ಅಮ್ಮಣಿ ನಿಂತಿದ್ದಳು.

ಅವಳು ದಿನವೂ ಅದೇ ದಾರಿಯಲ್ಲಿ ಹೋಗುವವಳು. ಗಂಡ ಇದ್ದಾಗ ಅಂಗಡಿಯೊಳಗೆ ಇಣುಕಿ, "ನನ್ನವರು ಇಲ್ಲಿ ಪಟ್ಟಾಂಗ ಹೊಡೀತಾ ಇದ್ದಾರಾ?" ಎಂದು ಕೇಳದೆ ಮುಂದೆ ಹೋದದ್ದಿಲ್ಲ. ಅಕ್ಟೋಬರಿನ ನಂತರ ಒಮ್ಮೆಯೂ ಈ ಕಡೆ ತಿರುಗಿರಲಿಲ್ಲ. ಈಗಲೂ ತಿರುಗಲಿಲ್ಲ. ನಿಂತಳು, ಅಷ್ಟೇ. ತಲೆಯ ಮೇಲಿನ ಬುಟ್ಟಿ ಕದಲಲಿಲ್ಲ. ಪೆಟ್ಟಿಗೆ ಎರಡನೆಯ ಸಲ ಕೂಗಿತು, ಮೂರನೆಯ ಸಲ, ನಾಲ್ಕನೆಯ ಸಲ. ಬದ್ರುದ್ದೀನನ ಕೈ ವಯರಿನ ತನಕ ಹೋಗಲಿಲ್ಲ. ಏಳನೆಯ ಕೂಗಿಗೆ ಕರೆಂಟ್ ತಾನಾಗಿ ಮತ್ತೆ ಹೋಯಿತು. ಅಮ್ಮಣಿ ಇನ್ನೂ ಸ್ವಲ್ಪ ಹೊತ್ತು ಕಾದಳು. ಮತ್ತೇನೂ ಕೇಳಿಸದಿದ್ದಾಗ ಫೆರಿಗೆ ನಡೆದಳು.

ಅದೇ ವಾರ, ಮಂಗಳವಾರ, ಅಶ್ಮಿತಾ ಬಂದಳು. ಮುಖದಲ್ಲಿ ಬಹಳ ದಿನದ ಮೇಲೆ ಗೆಲುವಿತ್ತು. ಕೊಚ್ಚಿಯ ಒಂದು ದೊಡ್ಡ ಕಂಪನಿ ಇವರೊಡನೆ ಕೈಜೋಡಿಸಲು ಒಪ್ಪಿತ್ತು. ಮೊದಲ ಕಂತಿಗೆ ನಾನೂರು ಪೆಟ್ಟಿಗೆ. ಗುರುವಾರ ಬೆಳಿಗ್ಗೆ ಹತ್ತಕ್ಕೆ ಮಣ್ಣಗುಡ್ಡದ ಆಫೀಸಿಗೆ ಅವರ ಜನ ಬರುತ್ತಾರೆ.

"ಒಂದೇ ಒಂದು ಕೆಲಸ ಬಾಕಿ ಬದ್ರುಚ್ಚ. ಪೆಟ್ಟಿಗೆ ಪೂರ್ತಿ ರೀಸೆಟ್ ಮಾಡಬೇಕು. ಪರೀಕ್ಷೆಯಲ್ಲಿ ಯಂತ್ರದ ಲೋಪದಿಂದ ಅವಘಡ ಆಗಿಲ್ಲ ಅಂತ ನಾವಿಬ್ಬರೂ ಬರೆದುಕೊಡಬೇಕು. ಆಗಿಲ್ಲವಲ್ಲ, ಹೌದಲ್ಲ?"

"ಯಂತ್ರದ ಲೋಪ ಅಲ್ಲ" ಎಂದ ಬದ್ರುದ್ದೀನ್.

"ಮತ್ತೆ? ಅವರಿಗೆ ಸ್ವರ ತುಂಬಾ ಹಿಡಿಸಿದೆ. ಕೇರಳಕ್ಕೆ ಬೇರೆ ರೆಕಾರ್ಡ್ ಮಾಡ್ತಾರಂತೆ. ಇಲ್ಲಿಂದ ಕಾರವಾರದವರೆಗಿನ ಬೋಟುಗಳಿಗೆ ಇದೇ ಇರಲಿ ಅಂದರು. ಈಗ ಒಬ್ಬೊಬ್ಬರ ಹೆಸರು ಕೂತು ಓದಿಸುವ ರಗಳೆ ಇಲ್ಲ. ಇದ್ದ ರೆಕಾರ್ಡಿಂಗ್ ಕೊಟ್ಟರೆ ಕಂಪ್ಯೂಟರೇ ಅದೇ ಸ್ವರದಲ್ಲಿ ಯಾವ ಹೆಸರು ಬೇಕಾದರೂ ಹೇಳ್ತದೆ. ಕೇಳಿ."

ಅವಳು ಮೊಬೈಲನ್ನು ಮೇಜಿನ ಮೇಲಿಟ್ಟು ಒತ್ತಿದಳು.

"ಬದ್ರುದ್ದೀನ್ ನೀರ್‌ಗ್ ಬೂರ್ಯೆ!"

ಚೆನ್ನಪ್ಪನೇ. ಕೂಗಿನ ಕೊನೆಗೆ ಸ್ವಲ್ಪ ಒಡೆಯುವ ಆ ಗಂಟಲು. ಆದರೆ ಮೂವತ್ತು ವರ್ಷದಲ್ಲಿ ಚೆನ್ನಪ್ಪ ಅವನನ್ನು ಬದ್ರುದ್ದೀನ್ ಎಂದು ಕರೆದದ್ದಿಲ್ಲ. ಬದ್ರು ಎಂದೇ ಕರೆಯುವವನು. ಪೂರ್ತಿ ಹೆಸರು ಹೇಳುವುದು ಕೋರ್ಟಿನಲ್ಲಿ ಕೂಗುವವರು. ಸತ್ತವನೊಬ್ಬ ನಿಂತಲ್ಲಿಂದಲೇ ತನ್ನ ಕಡೆ ಬೆರಳು ತೋರಿಸಿ, ಇಗೋ ಇವನು ಬಿದ್ದ ಎಂದು ಸಾರಿದ ಹಾಗಿತ್ತು. ಇನ್ನು ನಾನೂರು ಬೋಟುಗಳಲ್ಲಿ ಚೆನ್ನಪ್ಪ ಕೂಗಬೇಕು, ಕಂಡವರ ಹೆಸರೆಲ್ಲ ಕೂಗಬೇಕು. ಅವನ ಪರವಾಗಿ ಕೂಗಲು ಮಾತ್ರ ಯಾರೂ ಇಲ್ಲ.

"ಹೇಗುಂಟು?" ಎಂದಳು ಅಶ್ಮಿತಾ.

"ಅದನ್ನು ತೆಗಿ ಮಗಾ."

"ಚೆನ್ನಾಗಿಲ್ಲವಾ?"

"ಚೆನ್ನಾಗಿ ಉಂಟು. ತೆಗಿ. ರೀಸೆಟ್ ನಾನು ಮಾಡ್ತೇನೆ, ನೀನು ಹೋಗು."

ಆ ದಿನ ಊಟಕ್ಕೆ ಕೂತಾಗ ಝಹ್ರಾ ಬಂಗುಡೆ ಬಡಿಸಿ, ಎದುರಿಗೆ ಕೂತು, ಅವನು ತುತ್ತು ಕಲಸುತ್ತಲೇ ಇರುವುದನ್ನು ನೋಡಿದಳು. ಕೊಚ್ಚಿಯ ವಿಷಯ ಅವಳಿಗೆ ಗೊತ್ತಿತ್ತು.

"ಮೀನು ಅಮ್ಮಣಕ್ಕನ ಹತ್ತಿರದ್ದು" ಎಂದಳು. "ಅವಳ ಕುತ್ತಿಗೆಯಲ್ಲಿ ಕರಿಮಣಿ ಇನ್ನೂ ಉಂಟು, ನೀವು ನೋಡಿದ್ದೀರಾ?"

ಅವನು ನೋಡಿರಲಿಲ್ಲ. ಅವಳ ಮುಖ ನೋಡಿ ಆರು ತಿಂಗಳಾಗಿತ್ತು.

"ತೆಗೆಯಲಿಕ್ಕೂ ಆಗುವುದಿಲ್ಲ, ಇಟ್ಟುಕೊಳ್ಳಲಿಕ್ಕೂ ಆಗುವುದಿಲ್ಲ ಅಂತ ಅತ್ತಳು. ಬೊಜ್ಜ, ಉತ್ತರಕ್ರಿಯೆ ಯಾವುದೂ ಮಾಡಲಿಕ್ಕೆ ಇಲ್ಲ, ಹೆಣ ಸಿಗಲಿಲ್ಲ. ಸತ್ತ ಅಂತ ಬರೆದುಕೊಡುವವರಿಲ್ಲ. ಬಿಲ್ಲೆ ಹಾಕಿರಲಿಲ್ಲ, ಬಿದ್ದದ್ದಕ್ಕೆ ಸಾಕ್ಷಿ ಇಲ್ಲ, ಏಳು ವರ್ಷ ಕಾಯಿರಿ ಅಂತ ಠಾಣೆಯಲ್ಲಿ ಅಂದರಂತೆ. ಬೆಂಗ್ರೆಯಲ್ಲಿ ಕೆಲವರು ಅವನು ಬೇರೆ ಬೋಟು ಹತ್ತಿ ರತ್ನಗಿರಿಗೆ ಓಡಿದ ಅಂತಲೂ ಹೇಳ್ತಾರಂತೆ. ಅಲ್ಲಿ ಇನ್ನೊಂದು ಸಂಸಾರ ಉಂಟಂತೆ."

ಬದ್ರುದ್ದೀನ್ ತುತ್ತನ್ನು ತಟ್ಟೆಗೇ ಬಿಟ್ಟ. ಆ ಸಾಲನ್ನು ಬರೆಯುವಾಗ ಅದು ಪೆಟ್ಟಿಗೆಯನ್ನು ಕಾಪಾಡುತ್ತದೆ ಎಂದಷ್ಟೇ ಅವನು ಯೋಚಿಸಿದ್ದ. ಅದು ಒಬ್ಬಳನ್ನು ಹೆಂಡತಿಯೂ ಅಲ್ಲದ, ವಿಧವೆಯೂ ಅಲ್ಲದ ಜಾಗದಲ್ಲಿ ನಿಲ್ಲಿಸಿಬಿಡುತ್ತದೆ ಎಂದು ಲೆಕ್ಕ ಹಾಕಿರಲಿಲ್ಲ. ನಿಧಾನವಾಗಿ ಎಲ್ಲ ಹೇಳಿದ. ನಾಲ್ಕು ಸಾಲು, ಹಸಿರು ಗುಂಡಿ, ತನ್ನ ಸಹಿ, ಆರು ಲಕ್ಷ. "ನಿನ್ನ ಬಳೆ ಕೂಡ" ಎಂದ.

ಝಹ್ರಾ ತಟ್ಟೆ ಎತ್ತಿಕೊಂಡು ಎದ್ದಳು. "ಬಳೆ ನನ್ನದು. ಅದರ ಹೆಸರು ಹೇಳಿ ನೀವು ಸುಮ್ಮನಿರಬೇಡಿ."

ಬುಧವಾರ ಬೆಳಿಗ್ಗೆ ಪೆಟ್ಟಿಗೆಯನ್ನು ಬಟ್ಟೆಯ ಚೀಲಕ್ಕೆ ಹಾಕಿ, ಹತ್ತು ಬಿಲ್ಲೆಗಳನ್ನು ಬಿಸ್ಕೆಟ್ ಡಬ್ಬಿಯಲ್ಲಿ ತುಂಬಿ, ಬದ್ರುದ್ದೀನ್ ಫೆರಿ ಹತ್ತಿದ. ಬಿಲ್ಲೆಗಳನ್ನು ಬಿಟ್ಟು ಹೋದರೆ ಪೆಟ್ಟಿಗೆ ಹನ್ನೊಂದು ಜನರನ್ನೂ ಮುಳುಗಿಸಿಬಿಡುತ್ತಿತ್ತು. ನದಿ ದಾಟುವಷ್ಟು ಹೊತ್ತು ಚೀಲ ತೊಡೆಯ ಮೇಲಿತ್ತು. ಪಕ್ಕದಲ್ಲಿದ್ದ ಮುದುಕ, "ಎಂತ ಬ್ಯಾರಿಗಳೇ, ಟಿಫಿನ್ನಾ?" ಎಂದ. ಬದ್ರುದ್ದೀನ್ ಹೌದು ಎಂದ.

ಅಮ್ಮಣಿ ಅಂಗಳದಲ್ಲಿ ಬಲೆ ಹರಡಿಕೊಂಡು ಕೂತಿದ್ದಳು. ಮುಖೇಶ್ ಬಲೆಯ ಇನ್ನೊಂದು ತುದಿಯಲ್ಲಿದ್ದ. ಅವನನ್ನು ನೋಡಿ ಬದ್ರುದ್ದೀನನ ಕಾಲು ಒಂದು ಕ್ಷಣ ಹಿಂದಕ್ಕೆ ಸರಿಯಿತು. ಅಮ್ಮಣಿ ತಲೆಯೆತ್ತಿ ಚೀಲ ನೋಡಿದಳು.

"ತಂದಿರಾ?" ಎಂದಳು.

ಬದ್ರುದ್ದೀನ್ ಮೆಟ್ಟಿಲ ಮೇಲೆ ಕೂತ. "ಅಮ್ಮಣಕ್ಕ, ಒಂದು ವಿಷಯ ಹೇಳಲಿಕ್ಕೆ ಉಂಟು."

"ಗೊತ್ತುಂಟು. ಇವನು ಕಾರ್ತಿಕದಲ್ಲೇ ಬಂದು ಕಾಲಿಗೆ ಬಿದ್ದು ಹೇಳಿದ. ಪೆಟ್ಟಿಗೆ ಕೂಗಿತು, ನಾನೇ ನಿಲ್ಲಿಸಿದೆ ಅಂತ. ಇವನನ್ನು ಕರ್ಕೊಂಡೇ ನಾನು ಠಾಣೆಗೆ ಹೋದದ್ದು. ಎರಡು ಕಂಪನಿಯ ಸೀಲು ಇರುವ ಕಾಗದ ತೋರಿಸಿದರು. ಇದರ ಎದುರು ಈ ಹುಡುಗನ ಮಾತು ಹೇಗೆ ಬರೆಯುವುದು ಅಂದರು." ಅವಳ ಬೆರಳುಗಳು ಬಲೆಯ ಹರಿದ ಕಣ್ಣನ್ನು ಹುಡುಕುತ್ತಲೇ ಇದ್ದವು. "ಕೆಳಗೆ ನಿಮ್ಮ ಸಹಿ ನೋಡಿದೆ ಬದ್ರುಚ್ಚ. ನನಗೆ ಓದಲಿಕ್ಕೆ ಬರುವುದಿಲ್ಲ. ಆದರೆ ನಿಮ್ಮ ಅಂಗಡಿಯ ಬಿಲ್ಲು ಎಷ್ಟು ನೋಡಿಲ್ಲ ನಾನು? ಸಹಿಯ ಆ ಬಾಲ ನಿಮ್ಮದೇ."

"ನನ್ನದೇ."

"ಆರು ತಿಂಗಳು ಆ ದಾರಿಯಲ್ಲಿ ಹೋದೆ. ಒಂದು ದಿನ ಕರೀತೀರಿ ಅಂತ ಮಾಡಿದ್ದೆ. ಕಡೆಗೆ ಅವರೇ ಕರೆದರು."

ಮುಖೇಶ್ ಬಲೆಯಲ್ಲಿ ಮುಖ ಹುದುಗಿಸಿದಂತೆ ಕೂತಿದ್ದ.

"ಹಾಕಿ ಅದನ್ನು" ಎಂದಳು ಅಮ್ಮಣಿ.

"ಬೇಡ ಅಮ್ಮಣಕ್ಕ."

"ನೀವೆಲ್ಲ ಕೇಳಿದ್ದೀರಿ. ನನಗೆ ಮಾತ್ರ ಬೀದಿಯಲ್ಲಿ ನಿಂತು ಕೇಳುವ ಯೋಗವಾ? ಹಾಕಿ."

ಅವನು ಬ್ಯಾಟರಿ ಜೋಡಿಸಿದ. ಪೆಟ್ಟಿಗೆಯ ದೀಪ ಮಿಣುಕಿತು. ಹತ್ತು ಜನರನ್ನು ಎಣಿಸಿತು. ಆಮೇಲೆ ಕೂಗಿತು. ಆ ಸ್ವರ ಅಂಗಳ ದಾಟಿ, ಒಣಹಾಕಿದ ಮೀನಿನ ಮೇಲೆ ಹಾದು, ನದಿ ಕಡಲು ಸೇರುವ ಅಳಿವೆಯ ಕಡೆ ಹೋಯಿತು. ಎರಡು ಮನೆ ಆಚೆ ಒಂದು ಹೆಂಗಸು ಬಾಗಿಲಿಗೆ ಬಂದಳು. ಚೆನ್ನಪ್ಪ ಸಾಕಿದ್ದ ನಾಯಿ ಎಲ್ಲಿಂದಲೋ ಓಡಿಬಂದು ಪೆಟ್ಟಿಗೆಯ ಸುತ್ತ ಮೂಸಿ, ಯಾರೂ ಇಲ್ಲದ್ದು ನೋಡಿ, ಸಮುದ್ರದ ಕಡೆ ತಿರುಗಿ ನಿಂತಿತು. ಪೆಟ್ಟಿಗೆ ಕೂಗುತ್ತಲೇ ಇತ್ತು. ಆರು. ಏಳು. ಎಂಟು.

"ಬೋಟಿನಲ್ಲಿ ಎಷ್ಟು ಸಲ ಕೂಗಿತು?"

"ಎರಡು" ಎಂದ ಮುಖೇಶ್.

"ಇದು ಎಷ್ಟರವರೆಗೆ ಕೂಗ್ತದೆ?"

"ಒಬ್ಬರು ಕೇಳಿತು ಅಂತ ಹೇಳುವವರೆಗೆ" ಎಂದ ಬದ್ರುದ್ದೀನ್. "ಆ ಹಸಿರು ಗುಂಡಿ."

ಅಮ್ಮಣಿ ಬಲೆ ಕೆಳಗಿಟ್ಟು ಎದ್ದು ಬಂದಳು. ಇನ್ನೂ ಎರಡು ಸಲ ಕೂಗಲು ಬಿಟ್ಟಳು. ಆಮೇಲೆ ಬಾಗಿ, ಮಲಗಿದ ಮಗುವಿನ ಕೆನ್ನೆ ಮುಟ್ಟುವ ಹಾಗೆ, ಗುಂಡಿ ಒತ್ತಿದಳು.

"ಕೇಳಿತು" ಎಂದಳು. "ಆಯ್ತು, ಕೇಳಿತು."

ಅಂಗಳ ನಿಶ್ಶಬ್ದವಾಯಿತು. ಅವಳು ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಸಾಮಾನ್ಯ ಸ್ವರದಲ್ಲಿ ಕೇಳಿದಳು. "ಆ ಕಾಗದ ಇನ್ನೊಮ್ಮೆ ಬರೀಲಿಕ್ಕೆ ಎಷ್ಟು ದಿನ ಬೇಕು?"

"ಎರಡು ಸೀಲು ಬೇಕು. ಒಂದು ನನ್ನದು."

ಗುರುವಾರ ಮಣ್ಣಗುಡ್ಡದ ಆಫೀಸಿನಲ್ಲಿ ಕೊಚ್ಚಿಯಿಂದ ಬಂದ ಮೂವರು ಕೂತಿದ್ದರು. ಬದ್ರುದ್ದೀನ್ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ರೀಸೆಟ್ ಮಾಡಿಲ್ಲ ಎಂದು ಅಶ್ಮಿತಾಳಿಗೆ ಅವನ ಮುಖ ನೋಡಿಯೇ ಗೊತ್ತಾಯಿತು. ಅವನು ಬಂದವರಿಗೆ ದಮ್ಮಾಮಿನಲ್ಲಿ ಕಲಿತ ಹಿಂದಿ, ಮಲಯಾಳ ಬೆರೆಸಿ ಎಲ್ಲ ಹೇಳಿದ. ಚೆನ್ನಪ್ಪ ಬಿಲ್ಲೆ ಹಾಕಿದ್ದ. ಪೆಟ್ಟಿಗೆ ಕೂಗಿತು. ಗೊತ್ತಿರುವ ಸ್ವರ, ದಿನವೂ ತಮಾಷೆ ಮಾಡುವ ಸ್ವರ, ಬಿದ್ದವನದೇ ಸ್ವರ. ಅದಕ್ಕೇ ಯಾರೂ ತಿರುಗಿ ನೋಡಲಿಲ್ಲ. ಹೆಸರು ಬರೆದು ಕೊಟ್ಟವನು ನಾನು ಎಂದ.

"ಈ ಕಾರಣ ಮುಚ್ಚಿಟ್ಟರೆ ನಾನೂರು ಪೆಟ್ಟಿಗೆಯಲ್ಲೂ ಅದು ಹಾಗೆಯೇ ಕೂತಿರ್ತದೆ" ಎಂದ. "ಬೋಟಿನವರಿಗೆ ಗುರುತಿಲ್ಲದ ಸ್ವರ ಹಾಕಬೇಕು. ಒಬ್ಬ ಗುಂಡಿ ಒತ್ತಿದರೆ ನಿಲ್ಲಬಾರದು, ಇಬ್ಬರು ಒತ್ತಬೇಕು. ಒಬ್ಬ ಚುಕ್ಕಾಣಿಯಲ್ಲಿ, ಒಬ್ಬ ಹಿಂದೆ, ನೀರು ಕಾಣುವ ಕಡೆ."

ಹಿರಿಯನೊಬ್ಬ ಕನ್ನಡಕ ತೆಗೆದು ಒರೆಸಿ, ಸತ್ಯ ಹೇಳಿದ್ದಕ್ಕೆ ಧನ್ಯವಾದ ಎಂದ. ಸುಳ್ಳು ವರದಿ ಕೊಟ್ಟ ಕಂಪನಿಗಳೊಂದಿಗೆ ಕರಾರು ಮಾಡಲು ತಮ್ಮ ನಿಯಮದಲ್ಲಿ ದಾರಿಯಿಲ್ಲ ಎಂದ. ಹನ್ನೊಂದೂವರೆಗೆ ಹೋದರು. ತಂದಿಟ್ಟ ಚಾ ಹಾಗೆಯೇ ಇತ್ತು.

ಅಶ್ಮಿತಾ ಆ ಲೋಟಗಳನ್ನು ಒಂದೊಂದಾಗಿ ತಟ್ಟೆಗೆ ಎತ್ತಿಟ್ಟಳು. ಆಮೇಲೆ, "ನನಗೆ ಮೊದಲೇ ಹೇಳಬಹುದಿತ್ತಲ್ಲ ಬದ್ರುಚ್ಚ" ಎಂದಳು.

"ಹೇಳಿದ್ದರೆ ನೀನು ಬೇಡ ಅನ್ನುತ್ತಿದ್ದೆ. ನೀನು ಬೇಡ ಅಂದಿದ್ದರೆ ನಾನೂ ಒಪ್ಪುತ್ತಿದ್ದೆ. ನನ್ನ ಮೇಲೆ ನನಗೆ ಅಷ್ಟು ನಂಬಿಕೆ ಇಲ್ಲ."

ಅವಳು ಡ್ರಾಯರ್ ಎಳೆದು ಒಂದು ಕಾಗದ ತೆಗೆದಳು. ಆ ನಾಲ್ಕು ಸಾಲುಗಳು, ಅಕ್ಟೋಬರಿನಲ್ಲೇ ಪ್ರಿಂಟ್ ಮಾಡಿಟ್ಟದ್ದು. ಮಡಚಿ ಬಿಚ್ಚಿ ಮಡಚಿ ಅಂಚು ಮೆತ್ತಗಾಗಿತ್ತು. "ಹರಿಯಲಿಕ್ಕೆ ಆಗಲಿಲ್ಲ" ಎಂದಳು. ಸೀಲಿನ ಪ್ಯಾಡು ಹುಡುಕಿ ತಂದು, ಹೊಸ ಉತ್ತರ ಬರೆದು, ತನ್ನ ಸೀಲನ್ನು ಮೊದಲು ಒತ್ತಿದಳು.

ಠಾಣೆಯಲ್ಲಿ ಇಬ್ಬರನ್ನೂ ಎರಡು ದಿನ ಕೂರಿಸಿ ಹೇಳಿಕೆ ಬರೆಸಿಕೊಂಡರು. ಸುಳ್ಳು ಕಾಗದ ಕೊಟ್ಟದ್ದಕ್ಕೆ ಕೇಸು ಆಯಿತು. ಅದು ಈಗಲೂ ನಡೆಯುತ್ತಿದೆ. ಮುಖೇಶನ ಹೇಳಿಕೆಯನ್ನೂ ಬರೆದರು. ಮಳೆಗಾಲ ಮುಗಿಯುವಷ್ಟರಲ್ಲಿ ಅಮ್ಮಣಿಯ ಕೈಗೆ ಮರಣ ಪ್ರಮಾಣಪತ್ರ ಬಂತು. ಅದರಲ್ಲಿ ಒಂದು ತಾರೀಖು ಇತ್ತು. ಅವಳು ಕರಿಮಣಿ ತೆಗೆದಳು. ಬೊಜ್ಜದ ದಿನ ಬದ್ರುದ್ದೀನನನ್ನು ಕರೆದಳು. ಅವನು ಹೋಗಿ ಮೂಲೆಯಲ್ಲಿ ಕೂತು ಊಟ ಮಾಡಿ ಬಂದ. ಬರುವಾಗ ಅವಳು, "ಇನ್ನು ಆ ಪೆಟ್ಟಿಗೆಯಿಂದ ಅವರ ಹೆಸರು ತೆಗೆದುಬಿಡಿ, ಅವರು ಸಾಕಷ್ಟು ಕೂಗಿದರು" ಎಂದಳು. ಅಂಗಡಿಗೆ ಬಂದು ಹೆಸರು ಅಳಿಸಿದ. ಎರಡು ನಿಮಿಷವೂ ಹಿಡಿಯಲಿಲ್ಲ.

ಬದ್ರುದ್ದೀನನಿಗೆ ಆರು ಲಕ್ಷ ಹೋಯಿತು. ಝಹ್ರಾಳ ಬಳೆ ವಾಪಸ್ ಬರಲಿಲ್ಲ. ಅಶ್ಮಿತಾಳ ಕಂಪನಿಯಲ್ಲಿ ಎಂಟು ಜನ ಇದ್ದವರು ಮೂವರಾದರು. ಇಬ್ಬರು ಒತ್ತಬೇಕಾದ ಪೆಟ್ಟಿಗೆಗಳನ್ನು ಮಾಡಿ ಬೆಂಗ್ರೆಯ ಬೋಟುಗಳಿಗೆ ಹಾಕಿದರು, ಒಟ್ಟು ಒಂಬತ್ತು, ಬಂದ ಬೆಲೆಗೆ. ಅಮ್ಮಣಿಗೆ ಗಂಡ ಸತ್ತ ದಿನ ಸಿಕ್ಕಿತು, ಮೀನುಗಾರರ ಸಂಘದ ವಿಮೆಯ ಹಣ ಸಿಕ್ಕಿತು, ಅವನು ಓಡಿಹೋದವನಲ್ಲ ಎಂಬ ಮಾತು ಸಿಕ್ಕಿತು. ಈಗ ಕರೆಂಟ್ ಹೋಗಿ ಬಂದಾಗ ಅಂಗಡಿಯಲ್ಲಿ ಫ್ಯಾನ್ ತಿರುಗುವ ಸದ್ದು ಮಾತ್ರ ಕೇಳಿಸುತ್ತದೆ. ಗೆಳೆಯನ ಸ್ವರವೂ ಹೋಯಿತು.